ಕಲ್ಲಿಗೊಂದು ಚೀಟಿ



ಅಡುಗೆಮನೆಯ ಉಪ್ಪಿನ ಭರಣಿಗೆ ಕೈ ಹಾಕಿ. ಒಂದು ದೊಡ್ಡ ಹರಳು ಆರಿಸಿ ತೆಗೆಯಿರಿ. ಪುಡಿ ಉಪ್ಪು ಬೇಡ. ಮೀನಿಗೆ ಹಾಕುವ, ಉಪ್ಪಿನಕಾಯಿಗೆ ಹಾಕುವ ಹರಳುಪ್ಪು ಬೇಕು. ಅದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಬಾಗಿಲ ಬಳಿ ಬೆಳಕಿಗೆ ಹಿಡಿದು ನೋಡಿ.

ಏನು ಕಾಣುತ್ತದೆ? ಮಟ್ಟಸವಾದ ಮೈ. ನೇರವಾದ ಅಂಚು. ಚೌಕಾದ ಮೂಲೆ. ಪುಟ್ಟ ಡಬ್ಬಿಯ ಹಾಗೆ ಇದೆ ಅಲ್ವಾ? ಕೆಲವು ಹರಳುಗಳ ಮೂಲೆ ಒಡೆದಿರುತ್ತದೆ, ಸವೆದಿರುತ್ತದೆ. ಹತ್ತು ಹರಳು ನೋಡಿ. ಒಂದರಲ್ಲಾದರೂ ಚೌಕ ಸರಿಯಾಗಿ ಕಾಣುತ್ತದೆ.

ಉಳಿ ಹಿಡಿದು ಈ ಮೂಲೆ ಕಡೆದವರು ಯಾರು? ಯಾರೂ ಇಲ್ಲ. ಉಪ್ಪು ಹುಟ್ಟಿದ್ದೇ ಹಾಗೆ.

ಇಂಥ ಹರಳುಗಳನ್ನು ಹುಡುಕುವುದು, ಕೂಡಿಡುವುದು, ಅಂದವಾಗಿ ಜೋಡಿಸಿ ಇಡುವುದು ಒಂದು ಹವ್ಯಾಸ. ದೇಶ ವಿದೇಶಗಳಲ್ಲಿ ಸಾವಿರಾರು ಜನ ಇದನ್ನು ಮಾಡುತ್ತಾರೆ. ನಾವೂ ಮಾಡಬಹುದು. ಇದಕ್ಕೆ ಹಣ ಬೇಡ. ಕಣ್ಣು ಬೇಕು, ತಾಳ್ಮೆ ಬೇಕು. ಇನ್ನೂ ಒಂದು ಬೇಕು. ಅದು ಏನು ಅಂತ ಮುಂದೆ ಹೇಳುತ್ತೇನೆ.

ಹರಳು ಅಂದರೆ ಏನು?

ನೀವು ಚುಕ್ಕಿ ರಂಗೋಲಿ ಹಾಕುತ್ತೀರಿ. ಮೊದಲು ಚುಕ್ಕಿ ಇಡುತ್ತೀರಿ. ಸಾಲು ಸಾಲಾಗಿ, ಸಮ ದೂರದಲ್ಲಿ ಇಡುತ್ತೀರಿ. ಚುಕ್ಕಿ ಸರಿ ಬಿದ್ದರೆ ರಂಗೋಲಿಯ ಅಂಚು ನೇರ ಬರುತ್ತದೆ. ಚುಕ್ಕಿ ತಪ್ಪಿದರೆ ರಂಗೋಲಿ ಸೊಟ್ಟ.

ಹರಳಿನ ಒಳಗೂ ಹೀಗೆಯೇ. ಎಲ್ಲ ವಸ್ತುಗಳೂ ಬಹಳ ಸಣ್ಣ ಕಣಗಳಿಂದ ಆಗಿವೆ. ಆ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಉಪ್ಪಿನಲ್ಲಿ ಎರಡು ಬಗೆಯ ಕಣಗಳು ಇವೆ. ಒಂದು ಸೋಡಿಯಂ, ಇನ್ನೊಂದು ಕ್ಲೋರಿನ್. ಇವು ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತವೆ. ಅಡ್ಡಕ್ಕೆ, ಉದ್ದಕ್ಕೆ, ಮೇಲಕ್ಕೆ, ಎಲ್ಲ ಕಡೆಗೂ ಸಾಲು. ಹಾಗಾಗಿ ಉಪ್ಪು ಚೌಕ ಆಗುತ್ತದೆ.

ಒಂದೊಂದು ವಸ್ತುವಿನ ಸಾಲು ಒಂದೊಂದು ಬಗೆ. ಪಟಿಕದ ಹರಳಿಗೆ ಎಂಟು ಮುಖ. ಬೆಣಚುಕಲ್ಲಿನ ಹರಳಿಗೆ ಆರು ಮಗ್ಗುಲು, ತುದಿ ಚೂಪು. ನೋಡಲು ಕೆತ್ತಿದ ಪೆನ್ಸಿಲಿನ ಹಾಗೆ ಇರುತ್ತದೆ.

ಹಾಗಾದರೆ ಗಾಜು? ಗಾಜೂ ಹೊಳೆಯುತ್ತದೆ. ಆದರೆ ಗಾಜು ಹರಳಲ್ಲ. ಅದರ ಒಳಗಿನ ಕಣಗಳಿಗೆ ಸಾಲೇ ಇಲ್ಲ. ಸಂತೆಯ ಜನರ ಹಾಗೆ ಹೇಗೆ ಬೇಕೋ ಹಾಗೆ ನಿಂತಿವೆ. ಈ ಮಾತು ನೆನಪಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಉಪ್ಪಿನ ಹರಳು ಹುಟ್ಟುವ ಬಗೆ

ನಮ್ಮ ಜಿಲ್ಲೆಯಲ್ಲೇ ಹರಳು ಬೆಳೆಯುವ ಜಾಗ ಇದೆ. ಅದೇ ಸಾಣಿಕಟ್ಟಾ. ಕುಮಟಾ ತಾಲೂಕಿನಲ್ಲಿ, ಗೋಕರ್ಣದ ಹತ್ತಿರ, ಅಘನಾಶಿನಿ ಹೊಳೆಯ ಅಳಿವೆಯ ಬದಿಯಲ್ಲಿದೆ. ಅಲ್ಲಿ ಉಪ್ಪಿನ ಆಗರಗಳಿವೆ. ಆಗರ ಅಂದರೆ ಉಪ್ಪು ತೆಗೆಯುವ ಗದ್ದೆ.

ಭರತ ಬಂದಾಗ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಆ ನೀರು ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹೋಗುತ್ತದೆ. ಬಿಸಿಲಿಗೆ, ಗಾಳಿಗೆ ನೀರು ಆರುತ್ತಾ ಹೋಗುತ್ತದೆ. ಉಪ್ಪು ಮಾತ್ರ ಆರುವುದಿಲ್ಲ. ಹಾಗಾಗಿ ಉಳಿದ ನೀರು ಹೆಚ್ಚು ಹೆಚ್ಚು ಉಪ್ಪಾಗುತ್ತದೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಇಷ್ಟು ಉಪ್ಪನ್ನು ನೀರು ಸುಲಭವಾಗಿ ಹೊತ್ತುಕೊಳ್ಳುತ್ತದೆ. ಹತ್ತು ಕೊಡ ನೀರಿನಲ್ಲಿ ಸುಮಾರು ಒಂಬತ್ತು ಕೊಡ ಆರಿ ಹೋಯಿತು ಅಂತ ಇಟ್ಟುಕೊಳ್ಳಿ. ಉಳಿದ ಒಂದು ಕೊಡ ನೀರಿಗೆ ಅಷ್ಟೂ ಉಪ್ಪನ್ನು ಹೊರಲು ಆಗುವುದಿಲ್ಲ. ಆಗ ಕಣಗಳು ನೀರಿನಿಂದ ಇಳಿದು ಸಾಲು ಕೂರುತ್ತವೆ. ಹರಳು ಹುಟ್ಟುತ್ತದೆ.

ನೀರು ನಿಧಾನ ಆರಿದರೆ ಹರಳು ದೊಡ್ಡದು. ಬೇಗ ಆರಿದರೆ ಹರಳು ಸಣ್ಣದು. ಯಾಕೆ? ಸಾಲಾಗಿ ಕೂರಲು ಕಣಗಳಿಗೆ ಸಮಯ ಬೇಕು. ಅವಸರದಲ್ಲಿ ಇಟ್ಟ ಚುಕ್ಕಿಯಲ್ಲಿ ದೊಡ್ಡ ರಂಗೋಲಿ ಬರುತ್ತದೆಯೇ?

ನೆಲದ ಒಳಗಿನ ಹರಳು

ಕಡಲಿನಲ್ಲಿ ಮಾತ್ರ ಹರಳು ಹುಟ್ಟುತ್ತದೆ ಅಂತ ಅಲ್ಲ. ನೆಲದ ಒಳಗೂ ಹುಟ್ಟುತ್ತದೆ. ಭೂಮಿಯ ಆಳದಲ್ಲಿ ಕಲ್ಲು ಕರಗುವಷ್ಟು ಶಾಖ ಇದೆ. ಕರಗಿದ ಕಲ್ಲು ನಿಧಾನ ತಣಿದರೆ ಅದರಲ್ಲಿ ಹರಳು ಮೂಡುತ್ತದೆ.

ಬಿಳಿ ಕಪ್ಪು ಚುಕ್ಕಿ ಇರುವ ರುಬ್ಬುವ ಕಲ್ಲು ನಿಮ್ಮ ಮನೆಯಲ್ಲಿ ಇದೆಯೇ? ಅದರ ಒಡೆದ ಬದಿಯನ್ನು ಬಿಸಿಲಿನಲ್ಲಿ ನೋಡಿ. ಗಾಜಿನ ಚೂರಿನ ಹಾಗೆ ಕಾಣುವುದು ಬೆಣಚುಕಲ್ಲು. ಬಿಳಿ ಅಥವಾ ನಸುಗೆಂಪು ಇರುವುದು ಫೆಲ್ಡ್‌ಸ್ಪಾರ್. ಮಿಣಮಿಣ ಮಿಂಚುವ ತೆಳು ಹಾಳೆ ಅಭ್ರಕ. ಅದನ್ನೇ ನಾವು ಕಾಗೆಬಂಗಾರ ಅಂತ ಕರೆಯುತ್ತೇವೆ. ದಿನಾ ಅಕ್ಕಿ ರುಬ್ಬುವ ಕಲ್ಲಿನಲ್ಲೇ ಮೂರು ಬಗೆಯ ಹರಳು!

ಕಲ್ಲಿನ ಟೊಳ್ಳಿನ ಒಳಗೆ ನೀರು ಜಿನುಗಿಯೂ ಹರಳು ಬೆಳೆಯುತ್ತದೆ. ನಮ್ಮ ಭಟ್ಕಳದಿಂದ ಕೊಂಕಣ ರೈಲು ಹಿಡಿದು ಉತ್ತರಕ್ಕೆ ಹೋದರೆ ಮಹಾರಾಷ್ಟ್ರ ಸಿಗುತ್ತದೆ. ಅಲ್ಲಿಯ ಘಟ್ಟದ ಕಲ್ಲು ಕಪ್ಪು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಬೆಂಕಿರಸ ತಣಿದು ಆ ಕಲ್ಲು ಆಯಿತು. ಅದರಲ್ಲಿ ದೋಸೆಯ ತೂತಿನ ಹಾಗೆ ಟೊಳ್ಳುಗಳು ಉಳಿದವು. ಆ ಟೊಳ್ಳುಗಳಲ್ಲಿ ಬಿಳಿ, ಹಸಿರು, ನಸುಗೆಂಪು ಹರಳುಗಳು ಬೆಳೆದಿವೆ. 19ನೇ ಶತಮಾನದಲ್ಲಿ ಮುಂಬೈ ಪುಣೆ ರೈಲಿಗಾಗಿ ಘಟ್ಟ ಕಡಿದಾಗ ಇಂಥ ಹರಳುಗಳು ಕಂಡವು. ಈಗಲೂ ಬಾವಿ ತೋಡುವಾಗ, ಜಲ್ಲಿ ಒಡೆಯುವಾಗ ಸಿಗುತ್ತವೆ. ಪುಣೆ ಹತ್ತಿರದ ವಾಘೋಲಿಯ ಕಲ್ಲುಗಣಿಗಳಲ್ಲಿ ಅಚ್ಚ ನೀಲಿ ಹರಳು ಸಿಕ್ಕಿದೆ. ಅದರ ಹೆಸರು ಕವನ್ಸೈಟ್. ಲೋಕದ ಎಲ್ಲ ಕಡೆಯ ಸಂಗ್ರಹಗಾರರು ಅದನ್ನು ಬಯಸುತ್ತಾರೆ. ನಾಸಿಕ್ ಬಳಿಯ ಸಿನ್ನರ್‌ನಲ್ಲಿ ಇಂಥ ಹರಳುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ಇದೆ. ಅದರ ಹೆಸರು ಗಾರ್ಗೋಟಿ. ಮರಾಠಿಯಲ್ಲಿ ಗಾರಗೋಟಿ ಅಂದರೆ ಬೆಣಚುಕಲ್ಲಿನ ಹರಳು.

ಇನ್ನೂ ದೂರ ಹೋಗೋಣ. ಮೆಕ್ಸಿಕೋ ದೇಶದಲ್ಲಿ ನೈಕಾ ಎಂಬ ಗಣಿ ಇದೆ. 2000ನೇ ಇಸವಿಯಲ್ಲಿ ಅಲ್ಲಿ ಗಣಿ ಕೆಲಸಗಾರರಿಗೆ ಒಂದು ಗುಹೆ ಸಿಕ್ಕಿತು. ಒಳಗೆ ಬಿಳಿ ಹರಳುಗಳು ಅಡ್ಡಡ್ಡ ಬಿದ್ದಿದ್ದವು. ಅವುಗಳಲ್ಲಿ ಕೆಲವು 11 ಮೀಟರ್ ಉದ್ದ. ಅಂದರೆ ಒಂದು ತೆಂಗಿನ ಮರದಷ್ಟು! ಆ ಹರಳು ಯಾವುದು ಗೊತ್ತೇ? ಜಿಪ್ಸಂ. ನೀವು ಕರಿಹಲಗೆಯ ಮೇಲೆ ಮೊದಲ ಅಕ್ಷರ ಬರೆದ ಸೀಮೆಸುಣ್ಣ ಇದೆಯಲ್ಲ, ಅದನ್ನು ಮಾಡುವುದೂ ಜಿಪ್ಸಂನಿಂದಲೇ.

ಹರಳು ಕೂಡಿಟ್ಟ ವಿಜ್ಞಾನಿ

ಕಲ್ಲು ಹೆಕ್ಕುವವರನ್ನು ಕಂಡರೆ ಜನ ನಗುತ್ತಾರೆ. "ಎಂತಕ್ಕೆ ಕಲ್ಲು ಹೆಕ್ಕೂದು? ಬೇರೆ ಕೆಲಸ ಇಲ್ವಾ?" ಅಂತ ಕೇಳುತ್ತಾರೆ. ಅವರಿಗೆ ಸರ್ ಸಿ. ವಿ. ರಾಮನ್ ಅವರ ಹೆಸರು ಹೇಳಿ.

ರಾಮನ್ ದೊಡ್ಡ ವಿಜ್ಞಾನಿ. 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1933ರಲ್ಲಿ ಅವರು ಬೆಂಗಳೂರಿಗೆ ಬಂದರು. 1948ರಲ್ಲಿ ಅಲ್ಲಿ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಕೆಲಸ ಮಾಡಿದರು.

ರಾಮನ್ ಅವರಿಗೆ ಹೊಳೆಯುವ ವಸ್ತು ಅಂದರೆ ಬಹಳ ಆಸೆ. ಹಾಕಿಕೊಳ್ಳಲು ಅಲ್ಲ, ನೋಡಿ ತಿಳಿಯಲು. ವಜ್ರ, ಖನಿಜ, ಕಲ್ಲು, ಚಿಪ್ಪು, ಚಿಟ್ಟೆ ಎಲ್ಲವನ್ನೂ ಕೂಡಿಟ್ಟರು. ಅವುಗಳಿಗಾಗಿ ಸಂಸ್ಥೆಯಲ್ಲೇ ಒಂದು ಸಂಗ್ರಹಾಲಯ ಮಾಡಿದರು. ಅಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಅದರಲ್ಲಿ ಸಾದಾ ಕಲ್ಲುಗಳನ್ನು ಇಟ್ಟಿದ್ದರು. ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಅವುಗಳ ಮೇಲೆ ಬಿಡುತ್ತಿದ್ದರು. ಕೂಡಲೇ ಕಲ್ಲುಗಳು ಹಸಿರು, ಕೆಂಪು, ನೀಲಿಯಾಗಿ ಬೆಳಗುತ್ತಿದ್ದವು. ನೋಡಲು ಬಂದ ಶಾಲೆಯ ಮಕ್ಕಳಿಗೆ ರಾಮನ್ ತಾವೇ ಇದನ್ನು ತೋರಿಸುತ್ತಿದ್ದರು.

ಕಲ್ಲು ನೋಡುವುದು ಮಕ್ಕಳಾಟ ಅಲ್ಲ. ನೋಡುವುದರಿಂದಲೇ ತಿಳಿವು ಹುಟ್ಟುತ್ತದೆ.

ನಮ್ಮಲ್ಲಿ ಏನು ಸಿಗುತ್ತದೆ?

ತೆಂಗಿನಗುಂಡಿಯಲ್ಲಿ ವಜ್ರ ಸಿಗುವುದಿಲ್ಲ. ಆದರೆ ಸಂಗ್ರಹ ಶುರು ಮಾಡಲು ಬೇಕಾದಷ್ಟು ಸಿಗುತ್ತದೆ.

ಹರಳುಪ್ಪು: ಅಂಗಡಿಯಲ್ಲಿ ಅಥವಾ ಮನೆಯಲ್ಲೇ ಇದೆ. ಚೌಕ ಸರಿ ಇರುವ ಹರಳು ಆರಿಸಿ.

ಕಲ್ಲುಸಕ್ಕರೆ: ನೂಲಿಗೆ ಅಂಟಿದ ಹರಳು ನೋಡಿದ್ದೀರಲ್ಲ? ಸಕ್ಕರೆ ಪಾಕದಲ್ಲಿ ನೂಲು ಇಳಿಬಿಟ್ಟು ಅದನ್ನು ಬೆಳೆಸುತ್ತಾರೆ.

ಪಟಿಕ: ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಕೆಸರು ನೀರು ತಿಳಿ ಮಾಡಲು ಬಳಸುತ್ತಾರೆ.

ಬೆಣಚುಕಲ್ಲು: ಕಡಲ ಬದಿಯಲ್ಲಿ, ಹೊಳೆಯ ದಂಡೆಯಲ್ಲಿ ಬಿಳಿ ಕಲ್ಲಾಗಿ ಸಿಗುತ್ತದೆ. ನೀರು ಉರುಳಿಸಿ ಉರುಳಿಸಿ ಅದರ ಮೂಲೆ ಸವೆದು ಹೋಗಿರುತ್ತದೆ.

ಕಾಗೆಬಂಗಾರ: ಕಲ್ಲಿನಲ್ಲಿ, ಮರಳಿನಲ್ಲಿ ಮಿಂಚುತ್ತದೆ. ಉಗುರಿನಿಂದ ಹಾಳೆ ಹಾಳೆಯಾಗಿ ಬಿಡಿಸಬಹುದು.

ಕಪ್ಪು ಮರಳು: ಅಲೆ ಹಿಂದೆ ಹೋದಾಗ ಮರಳಿನ ಮೇಲೆ ಕೆಲವು ಕಡೆ ಕಪ್ಪು ಗೆರೆ ಕಾಣುತ್ತದೆ. ಒಂದು ಚಿಟಿಕೆ ಒಣಗಿಸಿ ಕಾಗದದ ಮೇಲೆ ಹಾಕಿ. ಕೆಳಗಿನಿಂದ ಅಯಸ್ಕಾಂತ ಆಡಿಸಿ. ಕೆಲವು ಕಣಗಳು ಕುಣಿದರೆ ಅವುಗಳಲ್ಲಿ ಕಬ್ಬಿಣ ಇದೆ. ಕಾರವಾರದ ಮಾಜಾಳಿ ಬಳಿಯ ತಿಳಮಾತಿ ಕಡಲತೀರದ ಮರಳು ಎಳ್ಳಿನ ಹಾಗೆ ಕಪ್ಪು. ಅದಕ್ಕೇ ಆ ಹೆಸರು ಬಂತು.

ಒಂದು ಎಚ್ಚರ. ಅಡಿಕೆಗೆ ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಮೈಲುತುತ್ತ ಕಲಸಿ ಹೊಡೆಯುತ್ತಾರೆ. ಮೈಲುತುತ್ತವೂ ಹರಳೇ. ನೀಲಿ ಬಣ್ಣ, ಬಹಳ ಚಂದ. ಆದರೆ ಅದು ವಿಷ. ಮಕ್ಕಳು ಕಲ್ಲುಸಕ್ಕರೆ ಅಂತ ಬಾಯಿಗೆ ಹಾಕಿಯಾರು. ಅದು ಸಂಗ್ರಹಕ್ಕೆ ಬೇಡ. ಯಾವ ಹರಳನ್ನೂ ನಾಲಿಗೆಗೆ ಇಟ್ಟು ನೋಡಬೇಡಿ.

ಇನ್ನೊಂದು ಮಾತು. ಬೇರೆಯವರ ಜಾಗಕ್ಕೆ ಕೇಳದೆ ಹೋಗಬೇಡಿ. ಕಲ್ಲುಗಣಿಯ ಒಳಗೆ ಇಳಿಯಬೇಡಿ. ಯಾಣದಂಥ ಜಾಗದಲ್ಲಿ ಒಂದು ಚೂರೂ ಒಡೆಯಬೇಡಿ. ಬಿದ್ದ ಕಲ್ಲು ಹೆಕ್ಕಿದರೆ ಸಾಕು. ಅದೂ ಒಂದೋ ಎರಡೋ.

ಮನೆಯಲ್ಲೇ ಹರಳು ಬೆಳೆಸಿ

ಪಟಿಕದ ಹರಳು ಬೆಳೆಸುವುದು ಸುಲಭ. ಮಳೆಗಾಲ ಬಿಟ್ಟು ಬೇರೆ ದಿನಗಳಲ್ಲಿ ಮಾಡಿ.

1. ಪಟಿಕ ಕುಟ್ಟಿ ಪುಡಿ ಮಾಡಿ. ಒಂದು ಲೋಟ ನೀರು ಬಿಸಿ ಮಾಡಿ.

2. ಬಿಸಿ ನೀರಿಗೆ ಪುಡಿ ಹಾಕುತ್ತಾ ಕದಡಿ. ಇನ್ನು ಕರಗುವುದಿಲ್ಲ ಅನ್ನುವಾಗ ನಿಲ್ಲಿಸಿ. ಬಟ್ಟೆಯಲ್ಲಿ ಸೋಸಿ.

3. ಸೋಸಿದ ನೀರನ್ನು ಸ್ವಲ್ಪ ತಟ್ಟೆಗೆ ಹಾಕಿ. ಉಳಿದದ್ದನ್ನು ಗಾಜಿನ ಭರಣಿಯಲ್ಲಿ ಮುಚ್ಚಿಡಿ. ಒಂದೆರಡು ದಿನದಲ್ಲಿ ತಟ್ಟೆಯಲ್ಲಿ ಸಣ್ಣ ಹರಳು ಕಾಣುತ್ತದೆ.

4. ಅದರಲ್ಲಿ ಅಂದವಾದ ಒಂದು ಹರಳು ಆರಿಸಿ. ಇದೇ ಬೀಜ. ಇದನ್ನು ತೆಳು ನೂಲಿಗೆ ಕಟ್ಟಿ.

5. ಭರಣಿಯ ನೀರು ಪೂರಾ ತಣಿದಿರಬೇಕು. ತಳದಲ್ಲಿ ಹರಳು ಕೂತಿದ್ದರೆ ನೀರನ್ನು ಮಾತ್ರ ಬೇರೆ ಭರಣಿಗೆ ಬಸಿಯಿರಿ. ಒಂದು ಕಡ್ಡಿಗೆ ನೂಲು ಕಟ್ಟಿ, ಬೀಜ ನೀರಿನ ನಡುವೆ ತೂಗುವ ಹಾಗೆ ಇಳಿಬಿಡಿ.

6. ಧೂಳು ಬೀಳದಂತೆ ತೆಳು ಬಟ್ಟೆ ಮುಚ್ಚಿ. ಅಲುಗಾಡಿಸಬೇಡಿ.

ಎರಡು ಮೂರು ವಾರ ಕಾಯಿರಿ. ಬೀಜ ದಿನದಿನಕ್ಕೂ ಬೆಳೆಯುತ್ತದೆ. ಬೀಜ ಬೆಳೆಯದೆ ಕರಗಿ ಹೋದರೆ ನೀರಿನಲ್ಲಿ ಪಟಿಕ ಕಡಿಮೆ ಅಂತ ಅರ್ಥ. ಮತ್ತೆ ಬಿಸಿ ಮಾಡಿ ಇನ್ನಷ್ಟು ಪುಡಿ ಹಾಕಿ, ಬೇರೆ ಬೀಜ ಕಟ್ಟಿ. ಈ ಕೆಲಸಕ್ಕೆ ಅಲ್ಯೂಮಿನಿಯಂ ಪಾತ್ರೆ ಬೇಡ.

ಚೀಟಿ ಬರೆಯಿರಿ

ಮೊದಲೇ ಹೇಳಿದ್ದೆ, ಈ ಹವ್ಯಾಸಕ್ಕೆ ಇನ್ನೂ ಒಂದು ಬೇಕು ಅಂತ. ಅದೇ ಬರವಣಿಗೆ.

ಹತ್ತು ಕಲ್ಲು ಒಂದು ಬುಟ್ಟಿಯಲ್ಲಿ ಇದ್ದರೆ ಅದು ಕಲ್ಲಿನ ರಾಶಿ. ಪ್ರತಿ ಕಲ್ಲಿಗೂ ಒಂದು ಚೀಟಿ ಇದ್ದರೆ ಅದು ಸಂಗ್ರಹ. ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲೂ ಇದೇ ನಿಯಮ. ಸಿಕ್ಕಿದ ಜಾಗ ಬರೆಯದ ಹರಳಿಗೆ ಬೆಲೆ ಇಳಿಯುತ್ತದೆ. ಯಾಕೆಂದರೆ ಅದು ಯಾವ ನೆಲದ್ದು ಅಂತ ಹೇಳಲು ಕಲ್ಲಿಗೆ ಬಾಯಿಲ್ಲ. ಅದರ ಬಾಯಿ ನೀವು ಬರೆದ ಚೀಟಿ.

ಚೀಟಿ ಹೀಗೆ ಇರಲಿ:

ಸಂಖ್ಯೆ: 1
ಹೆಸರು: ಹರಳುಪ್ಪು
ಸಿಕ್ಕಿದ ಜಾಗ: ಸಾಣಿಕಟ್ಟಾ, ಕುಮಟಾ ತಾಲೂಕು
ಸಿಕ್ಕಿದ ದಿನ: (ತಾರೀಕು ಬರೆಯಿರಿ)
ಕೊಟ್ಟವರು: ಚಿಕ್ಕಮ್ಮ
ಕೂಡಿಟ್ಟವರು: (ನಿಮ್ಮ ಹೆಸರು ಬರೆಯಿರಿ)

ಕಲ್ಲಿನ ಹೆಸರು ಗೊತ್ತಿಲ್ಲವೇ? ಚಿಂತೆ ಇಲ್ಲ. "ಬಿಳಿ ಕಲ್ಲು, ಗಾಜಿಗೆ ಗೀರು ಬೀಳುತ್ತದೆ" ಅಂತ ಕಂಡದ್ದನ್ನು ಬರೆಯಿರಿ. ಜಾಗ ಮಾತ್ರ ಅದೇ ದಿನ ಬರೆಯಿರಿ. ನಾಳೆ ಅಂದರೆ ಮರೆಯುತ್ತದೆ.

ಕಲಿತ ಅಕ್ಷರವೂ ಹಾಗೆಯೇ. ಬಳಸದ ಕತ್ತಿಗೆ ತುಕ್ಕು ಹಿಡಿಯುತ್ತದೆ. ಬರೆಯದ ಕೈಗೆ ಅಕ್ಷರ ಮರೆಯುತ್ತದೆ. ಕಷ್ಟಪಟ್ಟು, ರಾತ್ರಿ ಕಣ್ಣು ಎಳೆಯುತ್ತಿದ್ದರೂ ಕೂತು ಕಲಿತಿದ್ದೀರಿ. ಅದು ಸಹಿಗೆ ಮಾತ್ರ ಉಳಿಯಬಾರದು. ವಾರಕ್ಕೆ ಒಂದು ಚೀಟಿ ಬರೆದರೂ ವರ್ಷಕ್ಕೆ 52 ಚೀಟಿ ಆಗುತ್ತದೆ.

ಇಡುವ ಬಗೆ

ಖಾಲಿ ಬೆಂಕಿಪೊಟ್ಟಣಗಳ ಒಳ ಡಬ್ಬಿ ತೆಗೆಯಿರಿ. ಸಾಲಾಗಿ ಒಂದು ರಟ್ಟಿಗೆ ಅಂಟಿಸಿ. ಒಂದೊಂದರಲ್ಲಿ ಸ್ವಲ್ಪ ಹತ್ತಿ ಇಟ್ಟು ಹರಳು ಇಡಿ. ಪಕ್ಕದಲ್ಲಿ ಚೀಟಿ ಅಂಟಿಸಿ. ದೊಡ್ಡ ಕಲ್ಲಿಗೆ ಮಿಠಾಯಿ ಡಬ್ಬ ಸಾಕು.

ನಮ್ಮ ಕರಾವಳಿಯ ಮಳೆಗಾಲ ಉಪ್ಪಿನ ಹರಳಿಗೆ ಶತ್ರು. ಗಾಳಿಯಲ್ಲಿ ತೇವ ಹೆಚ್ಚಾದರೆ ಉಪ್ಪು ಬೆವರುತ್ತದೆ, ಮೂಲೆ ಕರಗುತ್ತದೆ. ಅದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಇಡಿ. ತಳಕ್ಕೆ ಹುರಿದು ಆರಿಸಿದ ಅಕ್ಕಿ ಹಾಕಿ. ಪಟಿಕದ ಹರಳು ಗಾಳಿಗೆ ಒಣಗಿ ಬೆಳ್ಳಗೆ ಮಂಕಾಗುತ್ತದೆ. ಅದರ ಮೇಲೆ ಬಣ್ಣ ಇಲ್ಲದ ನೈಲ್ ಪಾಲಿಶ್ ತೆಳುವಾಗಿ ಸವರಿ. ಬೆಣಚುಕಲ್ಲನ್ನು ಸೋಪು ನೀರಿನಲ್ಲಿ ತೊಳೆಯಬಹುದು. ಉಪ್ಪು, ಪಟಿಕ, ಕಲ್ಲುಸಕ್ಕರೆಗೆ ನೀರು ತಾಗಿಸಬೇಡಿ.

ಮೋಸ ಹೋಗಬೇಡಿ

ಹರಳು ತಿಳಿದವರಿಗೆ ಇನ್ನೊಂದು ಲಾಭ ಇದೆ. ಜಾತ್ರೆಯಲ್ಲಿ, ಮನೆ ಬಾಗಿಲಲ್ಲಿ ಹರಳು ಮಾರುವವರು ಬರುತ್ತಾರೆ. "ಇದು ಅಸಲಿ ಸ್ಫಟಿಕದ ಸರ" ಅಂತ ಹೇಳುತ್ತಾರೆ. ಗಾಜನ್ನು ಕೊಟ್ಟು ಸ್ಫಟಿಕದ ಹಣ ಕೇಳುವವರೂ ಇದ್ದಾರೆ.

ಸ್ಫಟಿಕದ ಸರದ ಮಣಿ ಅಂದರೆ ತಿಳಿ ಬೆಣಚುಕಲ್ಲೇ. ಅದು ಗಾಜಿಗಿಂತ ಗಟ್ಟಿ. 1812ರಲ್ಲಿ ಮೊಹ್ಸ್ ಎಂಬ ಜರ್ಮನ್ ವಿದ್ವಾಂಸರು ಕಲ್ಲುಗಳ ಗಟ್ಟಿತನಕ್ಕೆ ಹತ್ತು ಮೆಟ್ಟಿಲು ಮಾಡಿದರು. ಗಟ್ಟಿ ಕಲ್ಲು ಮೆತ್ತನೆ ಕಲ್ಲಿಗೆ ಗೀರು ಹಾಕುತ್ತದೆ ಎಂಬುದೇ ಅದರ ಲೆಕ್ಕ. ಜಿಪ್ಸಂ 2ನೇ ಮೆಟ್ಟಿಲು. ಉಗುರಿನಿಂದಲೇ ಗೀರಬಹುದು. ಬೆಣಚುಕಲ್ಲು 7. ಮಾಣಿಕ್ಯ 9. ವಜ್ರ 10. ಸಾಮಾನ್ಯ ಗಾಜು ಸುಮಾರು ಐದೂವರೆ.

ಹಾಗಾಗಿ ಬೆಣಚುಕಲ್ಲಿನ ಚೂಪು ಮೂಲೆ ಗಾಜಿನ ಬಾಟಲಿಗೆ ಗೀರು ಹಾಕುತ್ತದೆ. ಒಂದು ಕಲ್ಲು ತಂದು ಮಾಡಿ ನೋಡಿ. ಸರದ ಮಣಿಯನ್ನು ಬೆಳಕಿಗೆ ಹಿಡಿದೂ ನೋಡಬಹುದು. ಒಳಗೆ ದುಂಡನೆ ಗಾಳಿಗುಳ್ಳೆ ಕಂಡರೆ ಅದು ಗಾಜು.

ಹರಳು ಕಟ್ಟಿದರೆ ಕಾಯಿಲೆ ಹೋಗುತ್ತದೆ ಅಂತ ಹೇಳುವವರೂ ಇದ್ದಾರೆ. ಹರಳು ಕಣ್ಣಿಗೆ ಚಂದ, ಅದು ನಿಜ. ಕಾಯಿಲೆಗೆ ಮಾತ್ರ ಆಸ್ಪತ್ರೆಯೇ ಮದ್ದು. ಕೂಡಿಟ್ಟ ಮೀನಿನ ದುಡ್ಡನ್ನು ಹರಳಿಗೆ ಸುರಿಯಬೇಡಿ. ಮೊದಲು ಕೇಳಿ, "ಇದರ ಹೆಸರು ಎಂತ? ಯಾವ ಊರಿನದು? ರಸೀದಿ ಕೊಡ್ತೀರಾ?" ರಸೀದಿ ಕೊಟ್ಟರೆ ಕೂಡಲೇ ಚೀಲಕ್ಕೆ ಹಾಕಬೇಡಿ. ಓದಿ ನೋಡಿ. ಅವರು ಬಾಯಲ್ಲಿ ಹೇಳಿದ ಹೆಸರೇ ಅದರಲ್ಲಿ ಇದೆಯೇ? ಈಗ ನಿಮಗೆ ಓದಲು ಬರುತ್ತದೆ.

ಮಾಡಿ ನೋಡಿ, ಬರೆದು ನೋಡಿ

1. ಮನೆಯ ಹರಳುಪ್ಪಿನಲ್ಲಿ ಚೌಕ ಸರಿ ಇರುವ ಮೂರು ಹರಳು ಆರಿಸಿ.

2. ಗಾಜು ಯಾಕೆ ಹರಳಲ್ಲ? ಎರಡು ಸಾಲಿನಲ್ಲಿ ಬರೆಯಿರಿ.

3. ಈ ವಾರ ಒಂದು ಕಲ್ಲು ಹೆಕ್ಕಿ ತನ್ನಿ. ಅದಕ್ಕೆ ಚೀಟಿ ಬರೆಯಿರಿ. ಕಲಿಕಾ ಕೇಂದ್ರಕ್ಕೆ ತಂದು ಎಲ್ಲರ ಎದುರು ಓದಿ.

4. ಎಲ್ಲರ ಕಲ್ಲುಗಳನ್ನೂ ಒಂದು ಮೇಜಿನ ಮೇಲೆ ಸಾಲಾಗಿ ಇಡಿ. ಊರಿನವರನ್ನು ನೋಡಲು ಕರೆಯಿರಿ. ಅವರು ಏನು ಕೇಳಿದರೂ ಚೀಟಿ ಓದಿ ನೀವೇ ಹೇಳಿ.